ನಾಲ್ಕು ವರ್ಷ ಡಿಮ್ಮೆಬಲ್ ಎಲ್‌ಇಡಿ ಬಳಸಿದ ಮೇಲೆ: ಬಲ್ಬಿಗಿಂತ ಮೊದಲು ಡಿಮ್ಮರ್ ನೋಡಿ

ಮೈಸೂರು ಸರಸ್ವತಿಪುರಂನಲ್ಲಿ ನಮ್ಮದು ಹಳೇ ಮನೆ. ಹಾಲ್‌ಗೂ ಅಮ್ಮನ ರೂಮಿಗೂ ಅಪ್ಪ ಹಾಕಿಸಿದ್ದ, ತಿರುಗಿಸಿ ಬೆಳಕು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಇತ್ತು. ಎರಡಕ್ಕೂ 60 ವಾಟಿನ ಹಳೇ ಬಲ್ಬು. ಅವು ಅಂಗಡಿಯಲ್ಲಿ ಸಿಗುವುದೇ ಅಪರೂಪ ಆದಮೇಲೆ, 2021ರಲ್ಲಿ ಎಲ್‌ಇಡಿ ಹಾಕಿದೆವು.

ಮೊದಲ ಸಲವೇ ಮೋಸ ಹೋದೆ. ಪೇಟೆಯ ಒಂದು ಅಂಗಡಿಯಲ್ಲಿ "ಎಲ್ಲಾ ಎಲ್‌ಇಡಿನೂ ಡಿಮ್ ಆಗುತ್ತೆ ಸಾರ್, ತಗೊಂಡು ಹೋಗಿ" ಅಂದರು. ಪೂರ್ತಿ ತಿರುಗಿಸಿದರೆ ಚೆನ್ನಾಗಿಯೇ ಉರಿಯಿತು. ಅರ್ಧಕ್ಕೆ ಇಳಿಸಿದ ಕೂಡಲೇ ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ಟಿನ ಥರ ಮಿಣಮಿಣ. ಮೂರು ವಾರಕ್ಕೆ ಒಂದು ಬಲ್ಬು ಹೋಯಿತು. ವಾಪಸ್ ತಗೊಂಡು ಹೋದರೆ "ವೋಲ್ಟೇಜ್ ಪ್ರಾಬ್ಲಂ" ಎಂಬ ಉತ್ತರ. ಡಬ್ಬಿಯ ಪಕ್ಕದಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಡಿಮ್ಮರ್‌ಗೆ ಹಾಕಬಾರದು ಅಂತ ಬರೆದಿತ್ತು. ಓದದೇ ಇದ್ದದ್ದು ನನ್ನ ತಪ್ಪೂ ಹೌದು.

ಆಮೇಲೆ ಡಿಮ್ಮೆಬಲ್ ಅಂತಲೇ ಬರೆದಿರುವ 9 ವಾಟಿನ ಬಲ್ಬು ತಂದೆ. ಬೆಲೆ ಮಾಮೂಲಿಗಿಂತ ಮೂರು ಪಟ್ಟು. ಮಿಣಮಿಣ ಕಡಿಮೆಯಾಯಿತು, ಆದರೆ ಬೆಳಕು ಇಳಿಸಿದರೆ ಗುಂಯ್ ಅಂತ ಸದ್ದು. ಅಮ್ಮ ಎರಡು ರಾತ್ರಿ ಸೊಳ್ಳೆ ಬ್ಯಾಟ್ ಹಿಡಿದುಕೊಂಡು ಹುಡುಕಿದರು.

ಬೋರ್ಡ್ ಬಿಚ್ಚಿ ನೋಡಿದ ಮಂಡ್ಯ ಕಡೆಯ ಎಲೆಕ್ಟ್ರಿಷಿಯನ್ ವಿಷಯ ಬಿಡಿಸಿ ಹೇಳಿದರು. ಈ ಹಳೇ ಡಿಮ್ಮರ್ ಕರೆಂಟನ್ನು ಸೆಕೆಂಡಿಗೆ 100 ಸಲ ಕತ್ತರಿಸಿ ಕತ್ತರಿಸಿ ಕೊಡುತ್ತದಂತೆ. ಹಳೇ ಬಲ್ಬಿನ ತಂತಿ ಅಷ್ಟರಲ್ಲಿ ಆರುವುದಿಲ್ಲ, ಕಾದೇ ಇರುತ್ತದೆ. ಹಾಗಾಗಿ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಎಲ್‌ಇಡಿಗೆ ಆ ತಾಳ್ಮೆ ಇಲ್ಲ. ಸಾಲದ್ದಕ್ಕೆ ನಮ್ಮ ಡಿಮ್ಮರ್‌ಗೆ ಕಡಿಮೆ ಅಂದರೂ 60 ವಾಟ್ ಲೋಡ್ ಬೇಕಿತ್ತು, ನಾವು ಹಾಕಿದ್ದು 9. "ಕಬ್ಬಿನ ಲಾರಿ ತೂಗೋ ವೇಬ್ರಿಡ್ಜ್ ಮೇಲೆ ಒಂದು ಸೇರು ಅಕ್ಕಿ ಇಟ್ಟಂಗೆ ಸಾರ್" ಅಂದರು. ಎಲ್‌ಇಡಿಗೆ ಅಂತಲೇ ಬರುವ ಡಿಮ್ಮರ್ ಹಾಕಿಸಿದೆ. ಅವತ್ತಿನಿಂದ ಸದ್ದೂ ಇಲ್ಲ, ಮಿಣುಕೂ ಇಲ್ಲ.

ಬಣ್ಣದ ವಿಷಯಕ್ಕೆ ಬಂದರೆ ತಕರಾರು ಇನ್ನೂ ಇದೆ. ಹಳೇ ಬಲ್ಬು ಇಳಿಸಿದಷ್ಟೂ ಕೆಂಪಗಾಗಿ ಕೆಂಡದ ಥರ ಆಗುತ್ತಿತ್ತು. ನಮ್ಮ ಎಲ್‌ಇಡಿ ಬಣ್ಣ ಬದಲಿಸುವುದಿಲ್ಲ, ಮಂಕಾಗುತ್ತದೆ ಅಷ್ಟೆ. ಮೊದಲು ತಂದದ್ದು 6500 ಕೆಲ್ವಿನ್‌ದು (ಬೆಳಕಿನ ಬಣ್ಣದ ಅಳತೆ ಅದು), ಬಿಳಿ ಬೆಳಕು. "ಗೋಡೆಗೆ ಬೂದಿ ಬಳಿದಂಗಿದೆ ಕಣೋ" ಅಂದರು ಅಮ್ಮ. 2700 ಕೆಲ್ವಿನ್‌ಗೆ ಬದಲಾಯಿಸಿದ ಮೇಲೆ, ಭಾನುವಾರ ಸಂಜೆ ಅರಮನೆಗೆ ದೀಪ ಹಾಕಿದಾಗ ಕಾಣುವ ಹೊನ್ನಿನ ಬಣ್ಣಕ್ಕೆ ಸ್ವಲ್ಪ ಹತ್ತಿರ ಬಂತು. ಈಗ ರಾತ್ರಿಯಿಡೀ ಅಮ್ಮನ ರೂಮಿನಲ್ಲಿ ತೀರಾ ಕಡಿಮೆ ಬೆಳಕು ಬಿಟ್ಟಿರುತ್ತೇವೆ. ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಅವರಿಗೆ ಜೋರು ಬೆಳಕು ಚುಚ್ಚುತ್ತಿತ್ತು. ಮಧ್ಯರಾತ್ರಿ ಬಚ್ಚಲಿಗೆ ಎದ್ದರೆ ಈಗ ಗೋಡೆ ತಡಕುವ ಕೆಲಸ ಇಲ್ಲ. ನನಗೆ ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಉಳಿತಾಯದ ಲೆಕ್ಕ ಸುಲಭ. ದಿನಕ್ಕೆ ಐದು ಗಂಟೆ ಪೂರ್ತಿ ಉರಿಸಿದರೆ ಹಳೇ ಎರಡು ಬಲ್ಬಿಗೆ ತಿಂಗಳಿಗೆ 18 ಯೂನಿಟ್. ಈಗಿನ ಎರಡಕ್ಕೆ ಮೂರು ಯೂನಿಟ್ಟೂ ಇಲ್ಲ. ತಮಾಷೆ ಏನಂದರೆ, 2023ರಲ್ಲಿ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಬಂದಾಗ ಹಿಂದಿನ ವರ್ಷದ ಸರಾಸರಿಗೆ 10% ಸೇರಿಸಿ ಮಿತಿ ಹಾಕಿದರು. ನಾವು ಮೊದಲೇ ಉಳಿಸಿಬಿಟ್ಟಿದ್ದರಿಂದ ನಮ್ಮ ಮಿತಿ ಬರೀ 77 ಯೂನಿಟ್! ಪಕ್ಕದ ಮನೆಯವರದ್ದು ನಮ್ಮ ಎರಡರಷ್ಟು. ಬೇಸಿಗೆಯಲ್ಲಿ ಫ್ಯಾನ್ ಜಾಸ್ತಿ ಓಡಿದರೆ ನಮಗೇ ಬಿಲ್ ಬರುತ್ತದೆ.

ಮಲಗುವ ರೂಮಿಗೆ ಡಿಮ್ಮರ್ ಧಾರಾಳವಾಗಿ ಹಾಕಿಸಿ. ಅಡುಗೆಮನೆಗೆ, ಬಚ್ಚಲಿಗೆ ಬೇಡ, ಸುಮ್ನೆ ದುಡ್ಡು ದಂಡ. ಅಲ್ಲಿ ಬೆಳಕು ಇಳಿಸಿ ಯಾರು ಕೂರುತ್ತಾರೆ?