ಎಬಿಎ ಒಪ್ಪಂದಪತ್ರಕ್ಕೆ ಕಾರವಾರದಲ್ಲಿ ಹಾಕಿಸಿದ ಫ್ರೇಮ್

ಕಾರವಾರದ ಗ್ರೀನ್ ಸ್ಟ್ರೀಟ್‌ಗೆ ಹೊಂದಿಕೊಂಡ ಓಣಿಯೊಂದರಲ್ಲಿರುವ ಫೋಟೊ ಫ್ರೇಮ್ ಅಂಗಡಿಗೆ ದಿನನಿತ್ಯ ಬರುವುದು ದೇವರ ಪಟ, ಮದುವೆಯ ಫೋಟೊ, ಪದವಿ ಪ್ರಮಾಣಪತ್ರಗಳು. ನಾನು ಅಲ್ಲಿಗೆ ಒಯ್ದದ್ದು ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಶನ್, ಅಂದರೆ ಎಬಿಎ ಲೀಗಿನ ಮೊದಲ ವರ್ಷಗಳ ಆಟಗಾರನೊಬ್ಬನ ಒಪ್ಪಂದಪತ್ರವನ್ನು. ಅದರ ಕೊನೆಯ ಪುಟದಲ್ಲಿ ಲೀಗಿನ ಮೊದಲ ಕಮಿಷನರ್ ಜಾರ್ಜ್ ಮೈಕನ್ ಅವರ ಸಹಿ ಇದೆ. ಹಳೆಯ ಸಹಿಪತ್ರಗಳನ್ನು ಸಂಗ್ರಹಿಸುವ ಕರಾವಳಿಯವರು ಈ ಅಂಗಡಿಯನ್ನು ಧೈರ್ಯವಾಗಿ ನಂಬಬಹುದು ಎಂಬುದು ನನ್ನ ಅಭಿಪ್ರಾಯ.

ಮಿನಿಯಾಪೊಲಿಸ್ ಲೇಕರ್ಸ್ ತಂಡಕ್ಕೆ 1949ರಿಂದ 1954ರ ನಡುವೆ ಆಟಗಾರನಾಗಿ ಐದು ಚಾಂಪಿಯನ್‌ಶಿಪ್ ಗೆಲ್ಲಿಸಿಕೊಟ್ಟ ಮೈಕನ್, 1967ರಲ್ಲಿ ಎಬಿಎ ಆರಂಭವಾದಾಗ ಅದರ ಮುಖ್ಯಸ್ಥರಾದರು. ಆ ಲೀಗಿನ ಗುರುತಾದ ಕೆಂಪು-ಬಿಳಿ-ನೀಲಿ ಚೆಂಡು ಅವರದೇ ಕಲ್ಪನೆ. ಅಭಿಮಾನಿಗಳಿಗಾಗಿ ಸಹಿ ಹಾಕಿಕೊಟ್ಟ ಚೆಂಡು, ಫೋಟೊಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಆದರೆ ಕಚೇರಿಯ ಮೇಜಿನ ಮೇಲೆ, ಒಬ್ಬ ಆಟಗಾರನ ಸಂಬಳ ಮತ್ತು ಷರತ್ತುಗಳ ಕೆಳಗೆ ಹಾಕಿದ ಸಹಿಗೆ ಇರುವ ತೂಕ ಅವುಗಳಿಗೆ ಬರಲಾರದು. ಅದರ ಸಾಚಾತನವನ್ನು ಅಕ್ಷರದ ತಿರುವುಗಳ ಜೊತೆಗೆ ಕಾಗದದ ಮೇಲಿನ ದಿನಾಂಕ, ವಿಳಾಸಗಳಿಂದಲೂ ಪರೀಕ್ಷಿಸಬಹುದು. ಮೈಕನ್ ಅಧಿಕಾರದಲ್ಲಿದ್ದದ್ದು 1969ರವರೆಗೆ ಮಾತ್ರ, ಮತ್ತು ಅವರ ಅವಧಿಯಲ್ಲಿ ಲೀಗಿನ ಕಚೇರಿ ಮಿನಿಯಾಪೊಲಿಸ್‌ನಲ್ಲಿತ್ತು. ಕಮಿಷನರ್ ಎಂದು ಅವರು ಸಹಿ ಮಾಡಿದ ಪತ್ರದ ಮೇಲೆ 1972ರ ದಿನಾಂಕವಿದ್ದರೆ ಅದನ್ನು ಕೊಳ್ಳುವ ಯೋಚನೆಯನ್ನೇ ಬಿಡಬೇಕು. 1976ರಲ್ಲಿ ನಾಲ್ಕು ತಂಡಗಳು ಪ್ರತಿಸ್ಪರ್ಧಿ ಲೀಗಾದ ಎನ್‌ಬಿಎಗೆ ಸೇರಿ ಎಬಿಎ ಕೊನೆಗೊಂಡ ಮೇಲೆ ಇಂಥ ಪತ್ರಗಳು ಹೊಸದಾಗಿ ಹುಟ್ಟುವ ಮಾತೇ ಇಲ್ಲವಾದ್ದರಿಂದ, ಉಳಿದಿರುವುದನ್ನು ಕಾಪಾಡುವ ಹೊಣೆ ದೊಡ್ಡದು.

ಕಾರವಾರದಲ್ಲಿ ಆ ಹೊಣೆ ಇನ್ನಷ್ಟು ಕಠಿಣವಾಗುತ್ತದೆ. ಕಾಗದಕ್ಕೆ ಒಗ್ಗುವ ಆರ್ದ್ರತೆ ಶೇಕಡಾ 50ರ ಆಸುಪಾಸಿನದು. 70 ದಾಟಿದರೆ ಬೂಷ್ಟು ಹಿಡಿಯಲು ಆರಂಭ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರ್ದ್ರತೆ 80ಕ್ಕಿಂತ ಕೆಳಗಿಳಿಯುವುದೇ ಅಪರೂಪ, ಮೇಲಿಂದ ಉಪ್ಪುಗಾಳಿ ಬೇರೆ. ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಂಡ ಫೋಟೊವನ್ನು ಬಿಡಿಸಲು ಹೋಗಿ ಮುಖವೇ ಕಿತ್ತುಬಂದದ್ದನ್ನು ಇಲ್ಲಿನ ಅನೇಕ ಮನೆಗಳವರು ಕಂಡಿದ್ದಾರೆ.

ಅಂಗಡಿಯ ಮಾಲೀಕರು ಲ್ಯಾಮಿನೇಶನ್ ಮಾತನ್ನೇ ಎತ್ತಲಿಲ್ಲವೆಂಬುದು ನನಗೆ ಮೊದಲು ಹಿಡಿಸಿದ ಸಂಗತಿ. ಶಾಖ ಮತ್ತು ಅಂಟಿನಿಂದ ಪ್ಲಾಸ್ಟಿಕ್ಕಿನೊಳಗೆ ಸೇರಿದ ಕಾಗದವನ್ನು ಹಾನಿಯಿಲ್ಲದೆ ಹೊರತೆಗೆಯುವುದು ಬಹುಮಟ್ಟಿಗೆ ಅಸಾಧ್ಯ, ಹಾಗೆ ಮಾಡಿಸಿದ ಸಹಿಪತ್ರಕ್ಕೆ ಸಂಗ್ರಾಹಕರಲ್ಲಿ ಬೆಲೆಯೂ ಇಳಿಯುತ್ತದೆ. ಪುಟಗಳನ್ನು ಹಿಡಿದಿದ್ದ ತುಕ್ಕು ಹಿಡಿದ ಸ್ಟೇಪಲ್ ಪಿನ್ನಿನ ಕಾಲುಗಳನ್ನು ಅವರು ತೆಳುವಾದ ಬ್ಲೇಡಿನಿಂದ ನಿಧಾನವಾಗಿ ಎತ್ತಿ ನೇರ ಮಾಡಿ, ಕಾಗದ ಹರಿಯದಂತೆ ಹೊರತೆಗೆದರು. ಪತ್ರದ ಹಿಂದೆ ಇಡುವ, ಕಾಗದವನ್ನು ಕೆಡಿಸದ ಆಮ್ಲರಹಿತ ಮೌಂಟ್ ಬೋರ್ಡ್ ಅವರ ಬಳಿ ಇರಲಿಲ್ಲ. ಮಾಮೂಲಿ ರಟ್ಟಿನಲ್ಲೇ ಮುಗಿಸದೆ ಬೆಂಗಳೂರಿನಿಂದ ತರಿಸಿದರು. ಸಹಿಯಿದ್ದ ಪುಟವನ್ನು ಎಲ್ಲಿಯೂ ಅಂಟಿಸದೆ ನಾಲ್ಕು ಮೂಲೆಗಳಲ್ಲಿ ಪಾಲಿಯೆಸ್ಟರ್ ಚೀಲಗಳಿಂದ ಹಿಡಿದು, ಮುಂಬದಿಗೆ ಗಾಜಿನ ಬದಲು ಹಾಕಿದ ಅಕ್ರಿಲಿಕ್ ಹಾಳೆಗೂ ಕಾಗದಕ್ಕೂ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟಿದ್ದಾರೆ. ಮುಂದೆ ಯಾರಾದರೂ ಪತ್ರವನ್ನು ಮತ್ತೆ ಪರೀಕ್ಷೆಗೆ ಕಳುಹಿಸಬೇಕೆಂದರೆ ಐದು ನಿಮಿಷದಲ್ಲಿ, ಒಂದು ಕಲೆಯೂ ಉಳಿಯದಂತೆ ಹೊರತೆಗೆಯಬಹುದು, ಇದಕ್ಕಿಂತ ಹೆಚ್ಚಿನದನ್ನು ನಾನು ಯಾವ ಫ್ರೇಮಿನಿಂದಲೂ ಬಯಸುವುದಿಲ್ಲ. ಅತಿನೇರಳೆ ಕಿರಣಗಳನ್ನು ತಡೆಯುವ ಅಕ್ರಿಲಿಕ್ ಹಾಳೆ ಹಾಕಿದ ಮೇಲೂ ಸಾಮಾನ್ಯ ಬೆಳಕಿನಿಂದ ಶಾಯಿ ಮಾಸುತ್ತದೆಂದು ಎಚ್ಚರಿಸಿ, ಪಡಸಾಲೆಯ ಕಿಟಕಿಯೆದುರಿನ ಗೋಡೆ ಬೇಡವೆಂದು ಅವರೇ ಹೇಳಿದರು. ಉಳಿದ ಪುಟಗಳು ಪಾಲಿಯೆಸ್ಟರ್ ಹಾಳೆಗಳ ನಡುವೆ, ಸಿಲಿಕಾ ಜೆಲ್ ಇಟ್ಟ ಪೆಟ್ಟಿಗೆಯಲ್ಲಿವೆ.

ಕೊರತೆಗಳೂ ಇವೆ. ಸಾಮಾನು ಬರಲು ತಡವಾದುದರಿಂದ ಕೆಲಸ ಹೇಳಿದ ದಿನಕ್ಕೆ ಮುಗಿಯಲಿಲ್ಲ, ತಡವಾಗುವ ವಿಷಯವನ್ನು ಫೋನ್ ಮಾಡಿ ತಿಳಿಸಲೂ ಇಲ್ಲ. ವೆಚ್ಚ ಮಾಮೂಲಿ ಫ್ರೇಮಿನ ಮೂರರಷ್ಟಾಯಿತು. ಅದು ಬಹುಪಾಲು ಬೋರ್ಡ್ ಮತ್ತು ಅಕ್ರಿಲಿಕ್‌ನ ಬೆಲೆಯೆಂದು ಬಿಲ್ಲಿನಲ್ಲಿ ಬಿಡಿಸಿ ಬರೆದುಕೊಟ್ಟಿದ್ದರಿಂದ ನನಗೆ ಆಕ್ಷೇಪವಿಲ್ಲ. ಹಿಂಬದಿಗೆ ಅಂಟಿಸಿದ ಕಂದು ಟೇಪ್ ಮಾತ್ರ ಇಲ್ಲಿನ ಹವೆಗೆ ತಕ್ಕದ್ದಲ್ಲ, ಆಗಸ್ಟ್‌ನಲ್ಲಿ ಒಂದು ಅಂಚು ಎದ್ದುಬಂತು. ಒಯ್ದು ತೋರಿಸಿದಾಗ ದುಡ್ಡು ಕೇಳದೆ ಬೇರೆ ಟೇಪ್ ಹಾಕಿ, ತುಕ್ಕು ಕಾಣಿಸಿಕೊಂಡಿದ್ದ ಕೊಂಡಿಗಳ ಬದಲು ಸ್ಟೇನ್‌ಲೆಸ್ ಸ್ಟೀಲಿನವನ್ನು ಕೂರಿಸಿಕೊಟ್ಟರು. ಹೊಸದಾಗಿ ಕೆಲಸ ಕೊಡುವವರು ಈ ಎರಡನ್ನೂ ಮೊದಲೇ ಕೇಳಿ ಹಾಕಿಸಿಕೊಳ್ಳಬೇಕು, ಮತ್ತು ಏಪ್ರಿಲ್ ಒಳಗೆ ಕೊಟ್ಟರೆ ಮಳೆ ಹಿಡಿಯುವ ಮೊದಲೇ ಪತ್ರ ಮನೆಗೆ ಬರುತ್ತದೆ.