‘ಅಮಾಲ್ಫಿ ಕೋಸ್ಟ್’ ಅನ್ನೋದು ವಿಳಾಸ ಅಲ್ಲ, ದುಡ್ಡು ಕಟ್ಟುವ ಮುಂಚೆ ಪಿನ್‌ಕೋಡ್ ನೋಡಿ

ಆಗಸ್ಟ್‌ನಲ್ಲಿ ಗುಂಪು ಕಟ್ಟಿಕೊಂಡು ಇಟಲಿಯ ಕಡಲತೀರಕ್ಕೆ ಹೊರಟಿರುವವರು ದಯವಿಟ್ಟು ಓದಿ. ಅಡ್ವಾನ್ಸ್ ಕೊಟ್ಟಾಗಿದ್ದರೆ ಮೊದಲು ವೋಚರ್ (ಮನೆ ಬುಕ್ ಆಗಿದೆ ಅಂತ ಕೊಡುವ ಕಾಗದ) ತೆಗೆದು ವಿಳಾಸದ ಕೊನೇ ಸಾಲು ನೋಡಿ. ಮಿಕ್ಕಿದ್ದು ಆಮೇಲೆ ಓದಿದರಾಯಿತು.

ನಮಗೆ ಬಾಡಿಗೆ ಮನೆ ಅಂತ ಹೇಳಿದ್ದು ಅಮಾಲ್ಫಿ ಕೋಸ್ಟ್ ಎನ್ನುವ ಇಟಲಿಯ ಕರಾವಳಿಯ ಪೋಸಿಟಾನೋ ಊರಿನಲ್ಲಿ. ಅದರ ಪಿನ್‌ಕೋಡ್ 84017. ಅಮಾಲ್ಫಿಯದು 84011. ಎರಡೂ ಸಲೆರ್ನೋ ಜಿಲ್ಲೆಗೆ ಸೇರಿದ ಊರುಗಳು, ಹೆಸರಿನ ಪಕ್ಕ ‘ಎಸ್‌ಎ’ ಎಂದು ಬರೆದಿರುತ್ತಾರೆ. ನಮ್ಮ ವೋಚರ್‌ನಲ್ಲಿ ಇದ್ದದ್ದು ‘ಅಮಾಲ್ಫಿ ಕೋಸ್ಟ್, ನಿಯರ್ ಪೋಸಿಟಾನೋ, 80051’. ಊರಿನ ಹೆಸರೇ ಇಲ್ಲ! 80051 ಅಂದರೆ ಅಜೆರೋಲಾ. ನೇಪಲ್ಸ್ ಜಿಲ್ಲೆ. ಸಮುದ್ರಮಟ್ಟದಿಂದ 600 ಮೀಟರ್ ಮೇಲೆ, ಬೆಟ್ಟದ ನೆತ್ತಿಯಲ್ಲಿ, ಹಸು ಸಾಕಿ ಚೀಸ್ ಮಾಡುವ ಊರು. ಹನ್ನೊಂದು ಜನರ ಫೋನಿನಲ್ಲೂ ಆರು ತಿಂಗಳು ಆ ಕಾಗದ ಇತ್ತು. ವೀಸಾ ಅರ್ಜಿಗೂ ಅದನ್ನೇ ಲಗತ್ತಿಸಿದ್ದು. ಒಬ್ಬರೂ ನೋಡಲಿಲ್ಲ. ದುಡ್ಡು ಒಟ್ಟುಮಾಡಿ ಕಟ್ಟಿದ ನಾನೂ ನೋಡಲಿಲ್ಲ.

ಮಲ್ಪೆಯಲ್ಲಿ ಬೀಚ್ ಮನೆ ಅಂತ ಹೇಳಿ ಆಗುಂಬೆಯಲ್ಲಿ ಬೀಗದಕೈ ಕೊಟ್ಟರೆ ಹೇಗಿರುತ್ತೆ? ಹಾಗೇ. ಆಗುಂಬೆಯಿಂದಲೂ ಮೋಡ ಇಲ್ಲದ ದಿನ ಸಮುದ್ರ ಕಾಣುತ್ತಲ್ಲ, ‘ಸೀ ವ್ಯೂ’!

ಊರಿನದೇನೂ ತಪ್ಪಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಜೆರೋಲಾ ಒಳ್ಳೇ ಊರು. ಕೆಳಗೆ ಬೇಯುತ್ತಿರುವಾಗ ಮೇಲೆ ರಾತ್ರಿ ತಂಪಾಗಿರುತ್ತದೆ, ಬಾಡಿಗೆ ಕಡಿಮೆ, ನೇಪಲ್ಸ್‌ನಿಂದ ಕಾಸ್ಟೆಲ್ಲಾಮಾರೆ ಕಡೆಯಿಂದ ಬರುವ ದಾರಿಯೂ ಸಲೀಸು. ನಡೆಯುವವರು, ಬೆಟ್ಟ ಹತ್ತುವವರು ಹೋಗಲಿ. ಅಜೆರೋಲಾ ಅಂತಲೇ ಹೇಳಿ, ಅಜೆರೋಲಾದ ರೇಟಿಗೇ ಕೊಟ್ಟಿದ್ದರೆ ತಕರಾರೇ ಇರಲಿಲ್ಲ. ನಮಗೆ ಹೇಳಿದ್ದು ಪೋಸಿಟಾನೋ. ತಗೊಂಡಿದ್ದು ಪೋಸಿಟಾನೋ ರೇಟು.

ವ್ಯವಹಾರ ನಡೆದದ್ದು ಹೀಗೆ. ಬೆಂಗಳೂರಿನ ಒಬ್ಬ ಏಜೆಂಟ್, ನೆಂಟರ ಕಡೆಯಿಂದ ಗೊತ್ತಾದವರು. ಹೆಸರು ಹಾಕುವುದಿಲ್ಲ, ದೂರು ನಡೆಯುತ್ತಿದೆ. ಶನಿವಾರದಿಂದ ಶನಿವಾರ, ಏಳು ರಾತ್ರಿ, ತಲೆಗೆ 700 ಯೂರೋ ಲೆಕ್ಕದಲ್ಲಿ 7,700 ಯೂರೋ. ಅಡ್ವಾನ್ಸ್ 40 ಪರ್ಸೆಂಟ್ ಅಂದರೆ 3,080, ಉಳಿದದ್ದು ಅರವತ್ತು ದಿನ ಮುಂಚೆ. ಇಷ್ಟರ ಮಟ್ಟಿಗೆ ಅನುಮಾನ ಪಡುವಂಥದ್ದೇನಿಲ್ಲ. ಆಗಸ್ಟ್‌ನಲ್ಲಿ ಅಲ್ಲಿ ಹೆಚ್ಚಿನ ಮನೆಗಳು ಶನಿವಾರ ಟು ಶನಿವಾರವೇ ಸಿಗುವುದು. ಆಗಸ್ಟ್ 15 ಅವರಿಗೆ ಫೆರಾಗೋಸ್ತೋ ಹಬ್ಬ, ಅದರ ಹಿಂದೆಮುಂದೆ ಇಡೀ ಇಟಲಿಯೇ ಕಡಲತೀರಕ್ಕೆ ಇಳಿದಿರುತ್ತದೆ. ಅದಕ್ಕೇ ‘ಇವತ್ತೇ ಕಟ್ಟಿ ಸಾರ್, ನಾಳೆ ಹೋಗಿಬಿಡುತ್ತೆ’ ಅಂದಾಗ ನಂಬಿದ್ದು. ಆ ಮಾತು ನಿಜವೂ ಹೌದು, ಆ ಸೀಸನ್‌ನಲ್ಲಿ ಹೋಗಿಬಿಡುತ್ತೆ. ಗಾಳ ಹಾಕುವವರಿಗೆ ಅದಕ್ಕಿಂತ ಒಳ್ಳೆ ಸೀಸನ್ ಇಲ್ಲ.

ಅನುಮಾನ ಬರಬೇಕಾಗಿದ್ದದ್ದು ಇಲ್ಲಿ. ದುಡ್ಡು ಹೋಗಿದ್ದು ಒಬ್ಬ ವ್ಯಕ್ತಿಯ ಸೇವಿಂಗ್ಸ್ ಅಕೌಂಟಿಗೆ, ಐಎಂಪಿಎಸ್‌ನಲ್ಲಿ. ಕಂಪನಿ ಹೆಸರಿನ ಅಕೌಂಟ್ ಅಲ್ಲ. ಜಿಎಸ್‌ಟಿ ಬಿಲ್ ಕೇಳಿದರೆ ‘ಟ್ರಿಪ್ ಆದಮೇಲೆ ಫೈನಲ್ ಬಿಲ್ ಸಾರ್’. ಮೇಲಿಂದ ಟಿಸಿಎಸ್ (ಏಜೆಂಟ್ ನಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ) ಅಂತ ಬೇರೆ ವಸೂಲಿ. ವಿದೇಶ ಪ್ಯಾಕೇಜಿಗೆ ಟಿಸಿಎಸ್ ಹಿಡಿಯುವುದು ಸರಿಯೇ, ಆದರೆ ಹಿಡಿದದ್ದು ನಿಮ್ಮ ಪ್ಯಾನ್ ನಂಬರಿನ 26ಎಎಸ್‌ನಲ್ಲಿ, ಅಂದರೆ ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಲ್ಲಿ, ಕಾಣಬೇಕು. ಆ ತ್ರೈಮಾಸಿಕದ ರಿಟರ್ನ್ ಆದಮೇಲೂ ಕಾಣದಿದ್ದರೆ ಆ ದುಡ್ಡು ಸರ್ಕಾರಕ್ಕೆ ಹೋಗಿಲ್ಲ, ಜೇಬಿಗೆ ಹೋಗಿದೆ. ನಮ್ಮದು ಇವತ್ತಿನವರೆಗೂ ಖಾಲಿ.

ಗೊತ್ತಾಗಿದ್ದು ಯಾವಾಗ ಅಂದರೆ, ಹೊರಡಲು ಮೂರು ವಾರ ಇರುವಾಗ. ನೇಪಲ್ಸ್ ಏರ್‌ಪೋರ್ಟಿನಿಂದ ಮನೆಗೆ ಎರಡು ವ್ಯಾನ್ ಬೇಕು ಅಂತ ಅಲ್ಲಿನ ಒಬ್ಬ ಡ್ರೈವರ್‌ಗೆ ವೋಚರ್ ಕಳಿಸಿದ್ದೆ. ರೇಟಿನ ಜೊತೆ ಒಂದೇ ಒಂದು ಸಾಲು ಬಂತು: ‘ಇದು ಪೋಸಿಟಾನೋ ಅಲ್ಲ, ಇದು ಅಜೆರೋಲಾ. ಎಲ್ಲಿಗೆ ಬಿಡಬೇಕು?’ ಮ್ಯಾಪ್ ತೆಗೆದು ಆ ಪಿನ್‌ಕೋಡ್ ಹಾಕಿದೆ. ಸುತ್ತ ಬರೀ ಹಸಿರು. ನೀಲಿ ಬಣ್ಣ ನೋಡಬೇಕಾದರೆ ಬೆರಳಲ್ಲಿ ಎಳೆದು ಎಳೆದು ಕೆಳಗೆ ಹೋಗಬೇಕು. ಆ ನಿಮಿಷದಲ್ಲಿ ಹೊಟ್ಟೆಯಲ್ಲಿ ಆದದ್ದನ್ನು ಬರೆಯಲಾರೆ. ಹನ್ನೊಂದು ಜನರ ದುಡ್ಡು, ಅದರಲ್ಲಿ ಇಬ್ಬರು ಮಂಡಿನೋವಿನ ಹಿರಿಯರು.

ಏಜೆಂಟರ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ, ನಿಮಗೂ ಇದೇ ಬರುತ್ತವೆ.

‘ಸಾರ್, ಅಮಾಲ್ಫಿ ಕೋಸ್ಟ್ ಅಂದ್ರೆ ಇಡೀ ಏರಿಯಾ ಸಾರ್. ಅದೊಂದು ಊರಲ್ಲ.’ (ಇದನ್ನು ದುಡ್ಡು ತಗೊಳ್ಳುವ ಮುಂಚೆ ಹೇಳಬಹುದಿತ್ತು.)

‘ಸೀ ವ್ಯೂ ಅಂದಿದ್ವಿ ಸಾರ್, ಸೀ ಫೇಸಿಂಗ್ ಅಂದಿರಲಿಲ್ಲ.’

‘ಪೋಸಿಟಾನೋಗೆ ವಾಕಿಂಗ್ ಡಿಸ್ಟೆನ್ಸ್ ಸಾರ್, ನೀವೇ ಗೂಗಲ್ ಮಾಡಿ.’

ಗೂಗಲ್ ಮಾಡಿದೆ. ದಾರಿ ಇದೆ! ‘ದೇವತೆಗಳ ಹಾದಿ’ ಅಂತ ಅದಕ್ಕೆ ಹೆಸರು, ಜಗತ್ತಿನ ಚಾರಣಿಗರೆಲ್ಲ ಅದಕ್ಕಾಗಿಯೇ ಬರುತ್ತಾರೆ. ಅಜೆರೋಲಾದ ಬೊಮೆರಾನೋ ಚೌಕದಿಂದ ಹೊರಟು ಪ್ರಪಾತದ ಅಂಚಿನಲ್ಲೇ ನೊಚೆಲ್ಲೆ ಎಂಬ ಹಳ್ಳಿಯವರೆಗೆ ಆರೇಳು ಕಿಲೋಮೀಟರ್ ಕಲ್ಲುದಾರಿ. ಅಲ್ಲಿಂದ ಪೋಸಿಟಾನೋ ಕಡೆಗೆ ಒಂದೂವರೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕು. ಚಾಮುಂಡಿ ಬೆಟ್ಟದ್ದು ಸಾವಿರ. ಮಂಡಿನೋವಿನ ದೊಡ್ಡಮ್ಮನಿಗೆ ಇದು ವಾಕಿಂಗ್ ಡಿಸ್ಟೆನ್ಸಂತೆ.

ದುಡ್ಡು ವಾಪಸ್ ಕೇಳಿದ ಮೇಲೆ ಧಾಟಿಯೇ ಬದಲಾಯಿತು. ‘ನಾವು ಬರೀ ಫೆಸಿಲಿಟೇಟರ್ ಸಾರ್, ಓನರ್ ಪಾಲಿಸಿ.’ ಓನರ್ ನಂಬರ್ ಕೊಡಿ ಅಂದರೆ ‘ಓನರ್‌ಗೆ ಇಂಗ್ಲಿಷ್ ಬರಲ್ಲ ಸಾರ್’. ಆಮೇಲೆ ‘ಓನರ್ ರಜೆಯಲ್ಲಿದ್ದಾರೆ’. ಆಮೇಲೆ ಬರೀ ಕೈಮುಗಿದ ಇಮೋಜಿ. ದಿನಕ್ಕೊಂದು ಇಮೋಜಿ.

ಮೂರು ವಾರದಲ್ಲಿ ಹನ್ನೊಂದು ಜನಕ್ಕೆ ಬೇರೆ ಮನೆ ಸಿಗಲಿಲ್ಲ, ಸಿಗುವುದೂ ಇಲ್ಲ. ಹೋದೆವು. ಗೇಟಿನ ಹತ್ತಿರ ಗೋಡೆಯ ಮೇಲೆ ಒಂದು ಪುಟ್ಟ ಫಲಕ, ಅದರಲ್ಲಿ ‘ಸಿಐಎನ್’ ಎಂದು ಒಂದು ಕೋಡ್. ಇದನ್ನು ಗಟ್ಟಿಯಾಗಿ ತಲೆಯಲ್ಲಿಟ್ಟುಕೊಳ್ಳಿ. ಇಟಲಿಯಲ್ಲಿ ಪ್ರವಾಸಿಗರಿಗೆ ಬಾಡಿಗೆ ಕೊಡುವ ಪ್ರತಿ ಮನೆಗೂ ರಾಷ್ಟ್ರೀಯ ಗುರುತಿನ ಕೋಡ್ 2025ರ ಜನವರಿಯಿಂದ ಕಡ್ಡಾಯ. ಮನೆಯ ಹೊರಗೂ ಇರಬೇಕು, ಜಾಹೀರಾತಿನಲ್ಲೂ ಇರಬೇಕು. ‘ಐಟಿ’ ಎಂದು ಶುರುವಾಗುತ್ತದೆ, ಮುಂದಿನ ಮೂರು ಅಂಕಿ ಜಿಲ್ಲೆಯದು. ಸಲೆರ್ನೋ 065, ನೇಪಲ್ಸ್ 063. ಪೋಸಿಟಾನೋ, ಪ್ರಾಯಾನೋ, ಅಮಾಲ್ಫಿ, ರಾವೆಲ್ಲೋ, ಮಾಯೋರಿ, ಮಿನೋರಿ ಯಾವ ಹೆಸರು ಹೇಳಿದರೂ 065 ಇರಲೇಬೇಕು. 063 ಇದ್ದರೆ ಮನೆ ಆ ಊರಿನಲ್ಲಿ ಇಲ್ಲ. ಸೊರೆಂಟೋ ಮಾತ್ರ ನೇಪಲ್ಸ್‌ಗೇ ಸೇರಿದ್ದು, ಅದಕ್ಕೆ 063 ಸರಿ, ಗಾಬರಿಯಾಗಬೇಡಿ. ಏಜೆಂಟ್ ಕಳಿಸಿದ ಪಿಡಿಎಫ್‌ನಲ್ಲಿ ಫೋಟೋಗಳ ಕೆಳಗೆ ಒಂದು ಸಾಲು ಅರ್ಧ ಕತ್ತರಿಸಿದ ಹಾಗಿತ್ತು, ಪ್ರಿಂಟಿಂಗ್ ತಪ್ಪು ಅಂದುಕೊಂಡಿದ್ದೆ. ಆ ಸಾಲೇ ಇದು. ಬೇಕಂತಲೇ ಕತ್ತರಿಸಿದ್ದು.

ಓನರ್ ಹೆಂಗಸು ಬಾಗಿಲಲ್ಲೇ ಇದ್ದರು, ಇಂಗ್ಲಿಷ್ ಚೆನ್ನಾಗೇ ಮಾತಾಡುತ್ತಾರೆ. ಅವರ ಕೈಯಲ್ಲಿದ್ದ ಕರಾರುಪತ್ರದಲ್ಲಿ ಊರು ಅಜೆರೋಲಾ, ಸಮುದ್ರ ‘ದೂರದಿಂದ ಕಾಣುತ್ತದೆ’, ವಾರದ ಬಾಡಿಗೆ 4,200 ಯೂರೋ. ನಾನು ಕಟ್ಟಿದ್ದು 7,700. ಆ ಯಮ್ಮ ಪಾಪ ನಗುತ್ತಾ ಸಹಿ ಮಾಡಿ ಅಂತ ಪೆನ್ನು ಕೊಡುತ್ತಿದ್ದಾರೆ, ಹಿಂದೆ ಹತ್ತು ಜನ ಸೂಟ್‌ಕೇಸ್ ಹಿಡಿದು ನಿಂತಿದ್ದಾರೆ. 3,500 ಯೂರೋ ವ್ಯತ್ಯಾಸ. ‘ಏನಪ್ಪಾ, ಸಮುದ್ರ ಯಾವ ಕಡೆಗೋ?’ ಅಂತ ದೊಡ್ಡಮ್ಮ ಕೇಳಿದರು. ನಾಲಿಗೆ ಏಳಲಿಲ್ಲ.

ಅಡ್ವಾನ್ಸ್ ಬಗ್ಗೆ ಒಂದು ಮಾತು, ನೇರ ಓನರ್ ಜೊತೆ ವ್ಯವಹಾರ ಮಾಡುವವರಿಗೆ. ಇಟಲಿಯ ಕರಾರಿನಲ್ಲಿ ಅಡ್ವಾನ್ಸಿಗೆ ಬೇರೆಬೇರೆ ಹೆಸರಿವೆ, ಹೆಸರಿನ ಮೇಲೇ ಎಲ್ಲ ನಿಂತಿದೆ. ‘ಅಕ್ಕೋಂತೋ’ ಎಂದರೆ ಬರೀ ಭಾಗಶಃ ಪಾವತಿ. ‘ಕಪಾರ್ರಾ ಕೊನ್ಫಿರ್ಮತೋರಿಯಾ’ ಎಂದು ಬರೆದಿದ್ದರೆ ಸಿವಿಲ್ ಕೋಡ್ 1385ನೇ ವಿಧಿ ಅನ್ವಯಿಸುತ್ತದೆ: ನೀವು ತಪ್ಪಿದರೆ ಅವರು ಅದನ್ನು ಇಟ್ಟುಕೊಳ್ಳಬಹುದು, ಅವರು ತಪ್ಪಿದರೆ ಎರಡರಷ್ಟು ಕೇಳುವ ಹಕ್ಕು ನಿಮಗಿದೆ. ನಮ್ಮ ಏಜೆಂಟ್ ಕಾಗದದಲ್ಲಿ ಇದ್ದದ್ದು ‘ಬುಕಿಂಗ್ ಅಮೌಂಟ್, ನಾನ್ ರಿಫಂಡಬಲ್’ ಅಷ್ಟೇ.

ಇನ್ನು ಮನೆ. ‘ಸ್ಲೀಪ್ಸ್ 12’ ಅಂದರೆ ಹನ್ನೆರಡು ಜನಕ್ಕೆ ಮಂಚ ಇದೆ ಅಂದುಕೊಳ್ಳಬೇಡಿ. ಮೂರು ರೂಮಿನಲ್ಲಿ ಆರು ಜನ, ಹಾಲ್‌ನಲ್ಲಿ ಎರಡು ಸೋಫಾ ಬೆಡ್, ಎರಡು ಮಡಚುವ ಮಂಚ, ಬಾತ್‌ರೂಮ್ ಎರಡು. ರೂಮ್ ಎಷ್ಟು, ಯಾವ ರೂಮಿನಲ್ಲಿ ಎಂಥ ಮಂಚ, ಗೇಟಿನಿಂದ ಬಾಗಿಲಿಗೆ ಎಷ್ಟು ಮೆಟ್ಟಿಲು, ಮೂರನ್ನೂ ಬರಹದಲ್ಲಿ ಕೇಳಿ.

ಕರೆಂಟಿನ ವಿಷಯ ಯಾರೂ ಹೇಳುವುದಿಲ್ಲ. ಅಲ್ಲಿನ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವ್ಯಾಟ್ ಸಂಪರ್ಕ, ಅದರ ಮೇಲೆ ಹತ್ತು ಪರ್ಸೆಂಟ್ ತಡೆಯುತ್ತದೆ, ದಾಟಿದರೆ ಮೀಟರ್ ಟ್ರಿಪ್. ಲೆಕ್ಕ ಹಾಕಿ: ಸ್ನಾನದ ಬಾಯ್ಲರ್ 1.2, ನೀರು ಕಾಯಿಸುವ ಕೆಟಲ್ 2. ಮುಗೀತು. ಅದರ ಮೇಲೆ ಎಸಿ, ರೈಸ್ ಕುಕ್ಕರ್! ಮೀಟರ್ ಇರುವುದು ಗೇಟಿನ ಹತ್ತಿರ, ಅನ್ನ ಆಗುವಷ್ಟರಲ್ಲಿ ಟಾರ್ಚ್ ಹಿಡಿದು ಮೂರು ಸಲ ಇಳಿದು ಹತ್ತಬೇಕು. ಹತ್ತು ಜನಕ್ಕಿಂತ ಹೆಚ್ಚಿದ್ದರೆ 6 ಕಿಲೋವ್ಯಾಟ್ ಇದೆಯೇ ಅಂತ ಮೊದಲೇ ಕೇಳಿ. ಪ್ರವಾಸಿ ತೆರಿಗೆ ತಲೆಗೆ, ರಾತ್ರಿಗೆ ಇಷ್ಟು ಅಂತ ಬೇರೆ. ಸ್ವಚ್ಛತೆ, ಹಾಸಿಗೆ ಬಟ್ಟೆ, ಎಸಿ ಬಳಕೆ ಬೇರೆ. ಡಿಪಾಸಿಟ್ ಸಾವಿರ ಯೂರೋ ನಗದು ಕೇಳಿದರು. ಏಜೆಂಟ್ ಹೇಳಿದ್ದು ‘ಆಲ್ ಇನ್‌ಕ್ಲೂಸಿವ್’.

ಓಡಾಟವಂತೂ ಕೇಳಬೇಡಿ. ‘ವ್ಯಾನ್ ಬಾಡಿಗೆ ತಗೊಳ್ಳಿ ಸಾರ್, ನೀವೇ ಓಡಿಸಬಹುದು’ ಅಂದಿದ್ದರು. ಸಾಮಾನ್ಯ ಲೈಸೆನ್ಸಿನಲ್ಲಿ ಡ್ರೈವರ್ ಸೇರಿ ಒಂಬತ್ತು ಸೀಟಿನ ಗಾಡಿಯವರೆಗೆ ಮಾತ್ರ ಓಡಿಸಬಹುದು, ನಾವು ಹನ್ನೊಂದು. ಒಂಬತ್ತು ಜನ ಕೂತರೆ ಒಂಬತ್ತು ಸೂಟ್‌ಕೇಸಿಗೆ ಜಾಗವೂ ಇರುವುದಿಲ್ಲ. ನಮ್ಮ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಬೇಕು. ಇದೆಲ್ಲ ಇದ್ದರೂ ಕಡಲಂಚಿನ ಆ ಎಸ್‌ಎಸ್ 163 ರಸ್ತೆಯಲ್ಲಿ 2022ರಿಂದ ಸಮ-ಬೆಸ ನಿಯಮ ಇದೆ. ಆಗಸ್ಟ್ ಪೂರ್ತಿ, ಬೆಳಗ್ಗೆ 10ರಿಂದ ಸಂಜೆ 6ರವರೆಗೆ, ಪೋಸಿಟಾನೋದಿಂದ ವಿಯೆತ್ರಿವರೆಗೆ, ನಂಬರ್ ಪ್ಲೇಟಿನ ಕೊನೇ ಅಂಕಿ ನೋಡಿ ಒಂದು ದಿನ ಬಿಟ್ಟು ಒಂದು ದಿನ ಬಿಡುತ್ತಾರೆ. ಬಾಡಿಗೆ ಗಾಡಿಯ ಪ್ಲೇಟ್ ಯಾವುದು ಅನ್ನೋದು ಕೌಂಟರ್‌ಗೆ ಹೋದಮೇಲೇ ಗೊತ್ತಾಗುವುದು. ಯಾವ ದಿನ ಎಲ್ಲಿಗೆ ಅಂತ ಪ್ಲಾನ್ ಹೇಗೆ ಮಾಡುತ್ತೀರಿ?

ಬಸ್ಸು? ಟಿಕೆಟ್ ಮೊದಲೇ ಅಂಗಡಿಯಲ್ಲಿ ಕೊಂಡಿಟ್ಟುಕೊಂಡಿದ್ದರೂ, ಮಧ್ಯದ ಸ್ಟಾಪಿನಲ್ಲಿ ಹನ್ನೊಂದು ಜನ ನಿಂತರೆ ತುಂಬಿದ ಬಸ್ಸು ನಿಲ್ಲಿಸದೇ ಹೋಗುತ್ತದೆ. ಹೊರಡುವ ಜಾಗಕ್ಕೇ ಹೋಗಿ ಹತ್ತಬೇಕು, ಮೂರು-ನಾಲ್ಕು ಜನರ ತಂಡವಾಗಿ ಒಡೆದುಕೊಳ್ಳಬೇಕು. ರಾತ್ರಿ ಕೊನೇ ಬಸ್ ತಪ್ಪಿದರೆ ಅಮಾಲ್ಫಿಯಿಂದ ಬೆಟ್ಟ ಹತ್ತಿಸಲು ವ್ಯಾನಿಗೆ 90 ಯೂರೋ ಕೇಳಿದರು, ಅಂಥವು ಎರಡು ಬೇಕು.

ಸಾಮಾನು, ಹಿರಿಯರು ಇದ್ದರೆ ನನ್ನ ಪ್ರಕಾರ ಸರಿಯಾದ ದಾರಿ ಒಂದೇ. ನೇಪಲ್ಸ್‌ನಿಂದ ಸೊರೆಂಟೋ ಲೋಕಲ್ ಟ್ರೈನ್ ಬೇಡ, ಒಂದು ಗಂಟೆಗೂ ಮೇಲೆ ಸೂಟ್‌ಕೇಸ್ ತಬ್ಬಿಕೊಂಡು ನಿಲ್ಲಬೇಕು. ಸಲೆರ್ನೋವರೆಗೆ ವೇಗದ ರೈಲು, ಸ್ಟೇಷನ್ ಹತ್ತಿರದ ಪಿಯಾತ್ಸಾ ಡೆಲ್ಲಾ ಕಂಕಾರ್ಡಿಯಾ ಧಕ್ಕೆಯಿಂದ ಫೆರ್ರಿ. ಅಮಾಲ್ಫಿಗೆ ಸುಮಾರು 35 ನಿಮಿಷ, ಪೋಸಿಟಾನೋಗೆ 70. ಅಲೆ ಜೋರಿದ್ದರೆ ಫೆರ್ರಿ ರದ್ದಾಗುತ್ತದೆ, ಆದ್ದರಿಂದ ವಾಪಸ್ ವಿಮಾನದ ದಿನ ಇದನ್ನೇ ನೆಚ್ಚಿಕೊಳ್ಳಬೇಡಿ. ಗುಂಪಿಗೆ ಸಲೆರ್ನೋ ಪಟ್ಟಣದಲ್ಲೇ ಮನೆ ಮಾಡಿ ದಿನಾ ಫೆರ್ರಿಯಲ್ಲಿ ಹೋಗಿಬರುವುದು ಇನ್ನೂ ವಾಸಿ. ‘ಸಲೆರ್ನೋನಾ, ಅಲ್ಲಿ ಏನೂ ಇಲ್ಲ ಸಾರ್’ ಅಂದಿದ್ದರು ಏಜೆಂಟ್. ಅವರ ಕಮಿಷನ್ ಇಲ್ಲ ಅಷ್ಟೇ.

ದುಡ್ಡು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ, ಏನಾದರೂ ಆದರೆ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ದುಡ್ಡು ವಾಪಸ್) ಕೇಳಬಹುದು. ಐಎಂಪಿಎಸ್ ಮಾಡಿದವನಿಗೆ ಬ್ಯಾಂಕ್ ಹೇಳಿದ್ದು ‘ನೀವೇ ಕಳಿಸಿದ್ದೀರಲ್ಲ’. ಊರಿನ ಹೆಸರು, ಪಿನ್‌ಕೋಡ್, ಸಿಐಎನ್ ಪೂರ್ತಿ ಬರೆದುಕೊಡುವವರೆಗೆ ಒಂದು ರೂಪಾಯಿ ಕೊಡಬೇಡಿ. ಆ ಕೋಡನ್ನೇ ಇಂಟರ್ನೆಟ್ಟಿನಲ್ಲಿ ಹುಡುಕಿ, ಓನರ್ ಹಾಕಿದ ಮೂಲ ಜಾಹೀರಾತು, ಮೂಲ ಬಾಡಿಗೆ ಸಿಕ್ಕರೂ ಸಿಗುತ್ತದೆ. ನಾನು ಇದನ್ನು ಮಾಡಿದ್ದು ವಾಪಸ್ ಬಂದಮೇಲೆ. ಮೊದಲನೇ ಸಾಲಿನಲ್ಲೇ ಬಂತು.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಗಿದೆ. ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ ಇದೆ, ಕಾಗದ ಸೇರಿಸುತ್ತಿದ್ದೇನೆ. ಏಜೆಂಟ್ ಈಗ ಹೇಳುತ್ತಿರುವುದು ‘ಪಿಡಿಎಫ್ ಓನರ್ ಕಳಿಸಿದ್ದೇ ಹಾಗೆ’ ಅಂತ. ನೀಲಿ ಬಾಗಿಲು, ನಿಂಬೆಹಣ್ಣಿನ ಟೈಲ್ಸ್ ಇರುವ ಬಾಲ್ಕನಿ, ಫೋಟೋ ಕೆಳಗೆ ಅರ್ಧ ಕತ್ತರಿಸಿದ ಸಾಲು, ಇಂಥ ಪಿಡಿಎಫ್ ನಿಮ್ಮಲ್ಲಿ ಯಾರಿಗಾದರೂ ಬಂದಿದ್ದರೆ ಅಳಿಸಬೇಡಿ, ನನಗೆ ಮೆಸೇಜ್ ಮಾಡಿ.