ದೂರದ ವಿಮಾನ ಪ್ರಯಾಣ: ಕಾಲಿಗೆ ಸ್ಟಾಕಿಂಗ್ಸ್ ಮೇಲೋ, ಓಡಾಟ ಮೇಲೋ?

ಮಗಳ ಬಾಣಂತನಕ್ಕೆಂದು ಮೊದಲ ಸಲ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದಾಗ ನೇರ ವಿಮಾನ, 16 ಗಂಟೆಗೂ ಜಾಸ್ತಿ. ಕಿಟಕಿ ಸೀಟು. ಪಕ್ಕದ ಇಬ್ಬರನ್ನು ಎಬ್ಬಿಸಲು ಸಂಕೋಚ, ಅದಕ್ಕೇ ಎದ್ದದ್ದು ಎರಡೇ ಸಲ. ಇಳಿಯುವಾಗ ಚಪ್ಪಲಿಗೆ ಪಾದ ಹೋಗಲಿಲ್ಲ.

ನನಗೆ ವೇರಿಕೋಸ್ ವೇನ್ (ಕಾಲಿನ ರಕ್ತನಾಳ ಉಬ್ಬಿ ಸುರುಳಿಯಾಗುವ ತೊಂದರೆ) ಇದೆ, ವಯಸ್ಸು 60 ದಾಟಿದೆ. ಊರಿಗೆ ಬಂದಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಎರಡೂ ಪಾದ ಊದುವುದು ಸಾಮಾನ್ಯ. ಭಯಪಡಬೇಕಾದದ್ದು ಮೀನಖಂಡದ ಒಳಗೆ, ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ. ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. 4 ಗಂಟೆಗಿಂತ ಹೆಚ್ಚು ಕೂತು ಪ್ರಯಾಣ ಮಾಡಿದರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಆದರೂ ಆರೋಗ್ಯವಂತರಲ್ಲಿ ಅದು ಸುಮಾರು 6,000ಕ್ಕೆ ಒಬ್ಬರಿಗೆ ಮಾತ್ರ.

ಎರಡನೇ ಸಲ ಓಡಾಟವನ್ನೇ ನಂಬಿದೆ. ನಡುದಾರಿಯ ಪಕ್ಕದ ಸೀಟು ಹಿಡಿದೆ. ಗಂಟೆಗೊಮ್ಮೆ ಎದ್ದು ನಡೆದೆ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿದೆ. ಮೀನಖಂಡ ಬಿಗಿದು ಸಡಿಲವಾದಾಗಲೆಲ್ಲ ರಕ್ತ ಮೇಲಕ್ಕೆ ಹೋಗುತ್ತದೆ, ಅದೇ ಕಾಲಿನ ಪಂಪು. ನೀರು ಜಾಸ್ತಿ ಕುಡಿದದ್ದರಿಂದ ಟಾಯ್ಲೆಟ್ಟಿಗಾದರೂ ಏಳಲೇಬೇಕಾಯಿತು. ಇದಕ್ಕೆ ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು. ಆದರೆ ನಿದ್ದೆ ಬಂತು ನೋಡಿ, 5 ಗಂಟೆ ಎಚ್ಚರವೇ ಇಲ್ಲ. ಪಾದ ಮತ್ತೆ ಊದಿತು, ಮೊದಲಿಗಿಂತ ಸ್ವಲ್ಪ ಕಮ್ಮಿ.

ಮೂರನೇ ಸಲ ಮೊಣಕಾಲುದ್ದದ ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ. ಪ್ರಯಾಣಕ್ಕೆ ಹೇಳುವ ಒತ್ತಡ, ಬಿಪಿ ಅಳೆಯುವ ಮಾನದಲ್ಲೇ, 15ರಿಂದ 30 ಎಂಎಂ ಎಚ್‌ಜಿ. ಅಳತೆ ಮಾತ್ರ ಅಂದಾಜಿಗೆ ಬಿಡಬೇಡಿ. ಹರಡು ಮತ್ತು ಮೀನಖಂಡದ ಸುತ್ತಳತೆಯನ್ನು ಟೇಪಿನಲ್ಲಿ ತೆಗೆಸಿ. ನಾನು ಬೆರಳು ತೆರೆದಿರುವ ಬಗೆಯದನ್ನು ಆರಿಸಿದೆ, ಕಾಲುಂಗುರಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಗೆಜ್ಜೆ ಮಾತ್ರ ತೆಗೆದಿಟ್ಟೆ. ಹಾಕಿಕೊಳ್ಳುವುದು ನಿಜವಾಗಿ ಕಷ್ಟ. ಕಾಲು ಊದುವ ಮೊದಲೇ, ಮನೆಯಲ್ಲೇ ಹಾಕಿಕೊಂಡರೆ ಸುಲಭ. ಮೇಲಿನ ಅಂಚು ಸುರುಳಿಯಾಗಲು ಬಿಡಬಾರದು, ಅದೇ ದಾರ ಕಟ್ಟಿದ ಹಾಗೆ ಬಿಗಿಯುತ್ತದೆ. ಈ ಸಲ ಚೆನ್ನಾಗಿ ನಿದ್ದೆ ಮಾಡಿಯೂ ಚಪ್ಪಲಿ ಸಲೀಸಾಗಿ ಹತ್ತಿತು.

ಊತ ಇಳಿದರೆ ಹೆಪ್ಪು ತಪ್ಪಿತು ಅಂತಲ್ಲ, ಅಲ್ವಾ? ಅದಕ್ಕೆ ನನ್ನೊಬ್ಬಳ ಕಾಲು ಸಾಕ್ಷಿಯಾಗದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಒಟ್ಟು ಮಾಡಿದ ಲೆಕ್ಕ ನೋಡಿದೆ. 2,637 ವಿಮಾನ ಪ್ರಯಾಣಿಕರಲ್ಲಿ ಲಕ್ಷಣ ತೋರದ ಹೆಪ್ಪು ಸಿಕ್ಕಿದ್ದು 50 ಜನರಿಗೆ. ಅವರಲ್ಲಿ ಸ್ಟಾಕಿಂಗ್ಸ್ ಹಾಕಿದ್ದವರು 3, ಹಾಕದವರು 47. ನನ್ನ ಮನಸ್ಸು ಗಟ್ಟಿಯಾದದ್ದು ಇದರಿಂದಲೇ.

ಪಕ್ಕದ ಮನೆಯವರು ಆಸ್ಪಿರಿನ್ ನುಂಗಿ ಹೋಗಿ ಅಂದಿದ್ದರು. ಡಾಕ್ಟರು ಬೇಡವೇ ಬೇಡ ಅಂದರು. ಬರೀ ಪ್ರಯಾಣಕ್ಕೆಂದು ಅದನ್ನು ತೆಗೆದುಕೊಳ್ಳಬಾರದಂತೆ, ಹೊಟ್ಟೆಯಲ್ಲಿ ರಕ್ತಸ್ರಾವದ ಭಯವೂ ಇದೆ. ಮೊದಲೇ ಹೆಪ್ಪುಗಟ್ಟಿದವರಿಗೆ ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ಬೇಕೋ ಬೇಡವೋ ಎನ್ನುವುದು ವೈದ್ಯರ ತೀರ್ಮಾನ.

ನನ್ನಂಥವರು ಒಂದನ್ನೇ ಆರಿಸಬೇಕಾದರೆ ಸ್ಟಾಕಿಂಗ್ಸ್, ನಾವು ಮಲಗಿದಾಗಲೂ ಅದು ಕೆಲಸ ಮಾಡುತ್ತದೆ. ಈಗ ನಾನು ಎರಡನ್ನೂ ಮಾಡುತ್ತೇನೆ. 30ರ ಅಳಿಯನಿಗೆ ಯಾವ ತೊಂದರೆಯೂ ಇಲ್ಲ, ಅವನಿಗೆ ಓಡಾಟವೇ ಸಾಕು. ಕಾಲಿಗೆ ರಕ್ತ ಸರಿಯಾಗಿ ಹರಿಯದವರು, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಮಾತ್ರ ಡಾಕ್ಟರನ್ನು ಕೇಳದೆ ಸ್ಟಾಕಿಂಗ್ಸ್ ಹಾಕಬೇಡಿ.

ಇಳಿದ ಮೇಲೂ ಕೆಲವು ವಾರ ಕಾಲನ್ನು ಗಮನಿಸಿ. ಒಂದೇ ಕಾಲು ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅವತ್ತೇ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೊರಡಿ.